ನಿಮಗಿದು ಗೊತ್ತೆ? ಸಂತೋಷ್ ಟ್ರೋಫಿ 2024ರವರೆಗೆ ಏಳು ಸಲ ಸೈನಿಕರ ಪಾಲು

ಸೇನೆಯ ಫುಟ್‌ಬಾಲ್ ಕಳೆಗುಂದಿದೆ ಎಂಬ ಮಾತು ದಾಖಲೆಯ ಮುಂದೆ ನಿಲ್ಲುವುದಿಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಗಳ ಆಟಗಾರರು ಕೂಡಿ ಆಡುವ ಸರ್ವಿಸಸ್ ತಂಡ, ರಾಜ್ಯ ತಂಡಗಳೂ ಸೆಣಸುವ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೊದಲು ಗೆದ್ದದ್ದು 1960-61ರಲ್ಲಿ. ಒಲಿಂಪಿಯನ್ ಗೋಲ್‌ಕೀಪರ್ ಪೀಟರ್ ತಂಗರಾಜ್ ಅವರ ಕಾಲವದು. ಆಮೇಲೆ ಅರ್ಧ ಶತಮಾನ ಬರಿಗೈ. 2012ರಿಂದ 2024ರೊಳಗೆ ಮಾತ್ರ ಆರು ಬಾರಿ ಪ್ರಶಸ್ತಿ! 2016ರಲ್ಲಿ ಆರ್ಮಿ ಗ್ರೀನ್ ತಂಡ ಡ್ಯುರಾಂಡ್ ಕಪ್ಪನ್ನೂ ಎತ್ತಿಹಿಡಿಯಿತು.

ಹೆಸರಾಂತ ವೃತ್ತಿಪರರೆಲ್ಲ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿದ ಮೇಲೆ ಸಂತೋಷ್ ಟ್ರೋಫಿಯ ಮಟ್ಟವೇ ಇಳಿದಿದೆ, ಈ ಗೆಲುವಿಗೆ ಏನು ಬೆಲೆ ಎನ್ನುವವರಿದ್ದಾರೆ. ಅದರಲ್ಲಿ ನಿಜವಿಲ್ಲದೆ ಇಲ್ಲ. ಆದರೆ ಆ ಇಳಿಕೆ ಬಂಗಾಳ, ಕೇರಳಗಳಿಗೂ ಅಷ್ಟೇ ಅನ್ವಯ. ಅವುಗಳ ನಡುವೆಯೇ ಈ ತಂಡ ಮತ್ತೆ ಮತ್ತೆ ಗೆದ್ದಿದೆ. ಸೋತದ್ದೂ ಬಲಿಷ್ಠರಿಗೇ: 2023ರಲ್ಲಿ ರಿಯಾದ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಇವರನ್ನು 3-1ರಿಂದ ಮಣಿಸಿದ ನಮ್ಮ ಕರ್ನಾಟಕವೇ ಆ ವರ್ಷದ ಚಾಂಪಿಯನ್ ಆಯಿತು. ಕೊರತೆ ಪ್ರತಿಭೆಯದಲ್ಲ, ವೇದಿಕೆಯದು: ಐಎಸ್‌ಎಲ್‌ನಲ್ಲಿ ಸೇನೆಯ ತಂಡವಿಲ್ಲ. ಸೇನೆ ಕ್ಲಬ್ ನಡೆಸಿದರೆ ಯುದ್ಧಸನ್ನದ್ಧತೆಗೆ ಅಡ್ಡಿಯೆಂಬ ಆತಂಕ ಬೇಡ, ಕ್ರೀಡಾ ಕೋಟಾದ ನೇಮಕಾತಿ ಹೇಗೂ ನಡೆದೇ ಇದೆ. ರಾಷ್ಟ್ರೀಯ ಲೀಗ್‌ನ ಕೆಳಹಂತದಿಂದಲಾದರೂ ಏರಿಬರುವಂಥ ಒಂದು ಕಾಯಂ ಕ್ಲಬ್ಬನ್ನು ಸೇನೆ ಈಗಲೇ ಕಟ್ಟಲಿ.