ಪಾಸ್‌ವರ್ಡ್ ಸರಿ, ಬಾಗಿಲು ಮಾತ್ರ ತೆಗೆಯದು!

ಹೊಸ ಕಂಪ್ಯೂಟರ್ ತಂದ ಮನೆಯಲ್ಲಿ ಮೂರು ದಿನದ ಪಜೀತಿ

ದಾವಣಗೆರೆ: ಹೊಸ ಸೊಸೆ ಮನೆಗೆ ಬಂದ ದಿನ ಹೊಸ್ತಿಲಲ್ಲೇ ನಿಲ್ಲಿಸಿ "ನೀನ್ಯಾರಮ್ಮ?" ಎಂದು ಕೇಳಿದರೆ ಹೇಗಿರುತ್ತದೆ? 2025ರ ನವೆಂಬರ್‌ನಲ್ಲಿ ಮಂಡಿಪೇಟೆ ಕಡೆಯ ಒಂದು ಮನೆಯಲ್ಲಿ ಹೊಸ ಕಂಪ್ಯೂಟರಿಗೆ ಸಿಕ್ಕಿದ್ದು ಇದೇ ಮರ್ಯಾದೆ. ಮನೆ ಬೇರೆ ಯಾರದ್ದೂ ಅಲ್ಲ. ಈ ವರದಿಗಾರನ ಸ್ವಂತ ಅಕ್ಕನದ್ದು.

ಕೆಳಗೆ ಭಾವನವರ ಸ್ಟೀಲ್ ಪಾತ್ರೆ ಅಂಗಡಿ, ಮೇಲೆ ಸಂಸಾರ. ಹಗಲು ವ್ಯಾಪಾರ, ರಾತ್ರಿ ಊಟವಾದ ಮೇಲೆ ಲೆಕ್ಕ. ಲೆಕ್ಕಕ್ಕೆಂದು 2014ರಲ್ಲಿ ಕೊಂಡ ಕಂಪ್ಯೂಟರ್ ಹನ್ನೊಂದು ವರ್ಷ ನಿಯತ್ತಾಗಿ ದುಡಿದಿತ್ತು. ಆದರೆ ಅದರೊಳಗಿದ್ದ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಬೇಕಾದ ಭದ್ರತಾ ಚಿಪ್ ಈ ಮುದುಕನಲ್ಲಿ ಇಲ್ಲ. "ಬ್ಯಾಂಕು, ಜಿಎಸ್‌ಟಿ ಎಲ್ಲ ಇದರಲ್ಲೇ ಮಾಡ್ತೀರಿ. ಇನ್ನು ಇದನ್ನ ನಂಬಬೇಡ್ರಿ" ಎಂದರು ಲೆಕ್ಕ ನೋಡುವವರು. ಭಾವ ದೀಪಾವಳಿ ವ್ಯಾಪಾರದ ಹಣದಲ್ಲಿ ಹೊಸದನ್ನು ತಂದರು.

ತಂದದ್ದು ನವೆಂಬರ್ 18ರ ಸಂಜೆ. ಅಕ್ಕ ಕುಂಕುಮ ಇಟ್ಟಳು, ಊದಿನಕಡ್ಡಿ ಹಚ್ಚಿದಳು. ಸ್ವಿಚ್ ಹಾಕಿದರೆ ಬಣ್ಣ ಬಣ್ಣದ ಪರದೆ ಬಂತು. ಮನೆಯ ವೈಫೈ ಹೆಸರೂ ಕಾಣಿಸಿತು. ಪಾಸ್‌ವರ್ಡ್ ಒತ್ತಿದರು. ಈ ನೆಟ್‌ವರ್ಕಿಗೆ ಸೇರಲು ಆಗುತ್ತಿಲ್ಲ ಎಂಬ ಉತ್ತರ ಬಂತು! ಮತ್ತೆ ಒತ್ತಿದರು. ಮತ್ತೆ ಅದೇ. ಹತ್ತು ಸಲ ಒತ್ತಿದರೂ ಅದೇ ಹಾಡು.

ಇತ್ತ ಇಪ್ಪತ್ತನೇ ತಾರೀಖು ಹತ್ತಿರ. ತಿಂಗಳಿಗೊಮ್ಮೆ ಜಿಎಸ್‌ಟಿ 3ಬಿ ಸಲ್ಲಿಸುವ ಅಂಗಡಿಕಾರರಿಗೆ ಆ ತಾರೀಖಿನ ಬಿಸಿ ಗೊತ್ತು. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ಬೇರೆ.

"ರೂಟರ್ ಹೋಗೈತಿ ಸರ್!"

ಮರುದಿನ ರಿಪೇರಿಯವನು ಬಂದ. ಬ್ಯಾಗು ಕೆಳಗಿಡದೆ, ಕುರ್ಚಿ ಎಳೆದುಕೊಳ್ಳದೆ, ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟ. "ಕಂಪ್ಯೂಟರ್ ಹೊಸದು, ರೂಟರ್ ಹಳೇದು. ಎರಡಕ್ಕೂ ಹೊಂದಂಗಿಲ್ಲ. ರೂಟರ್ ಹೋಗೈತಿ ಸರ್, ಬ್ಯಾರೆ ಹಾಕಿಸ್ರಿ. ಎರಡೂವರೆ ಸಾವಿರ ಆಗ್ತೈತಿ." ಬಂದು ಹೋದದ್ದಕ್ಕೆ 300 ರೂಪಾಯಿ ಇಸಕೊಂಡು ಹೋದ.

ಭಾವನವರು ಹಣ ಎಣಿಸಲು ಶುರು ಮಾಡಿದ್ದರು. ಅಕ್ಕ ಬಿಡಲಿಲ್ಲ. "ಆ ಡಬ್ಬಿ ಹೋಗಿದ್ರೆ ನಿಮ್ಮ ಫೋನಿಗೆ ಹೆಂಗೆ ಬರ್ತೈತ್ರೀ?" ಎಂದಳು. ಏಳನೇ ಕ್ಲಾಸು ಓದಿದ ಅಕ್ಕ ಕೇಳಿದ ಈ ಪ್ರಶ್ನೆ ರಿಪೇರಿಯವನಿಗೆ ಹೊಳೆದಿರಲಿಲ್ಲ. ಆಮೇಲೆ ನನಗೆ ಫೋನು ಬಂತು. ಪಿಯುಸಿ ಅರ್ಧಕ್ಕೆ ಬಿಟ್ಟ ನಾನೇನು ಇಂಜಿನಿಯರ್ ಅಲ್ಲ. ಆದರೆ ಪತ್ರಿಕಾ ಕಚೇರಿಯಲ್ಲಿ ನೆಟ್ ನಿಂತಾಗಲೆಲ್ಲ ಮೇಜಿನ ಕೆಳಗೆ ತೂರಿ ತೂರಿ ನಾಲ್ಕು ವಿಷಯ ಕಲಿತಿದ್ದೇನೆ. ಹೋದೆ.

ಇಬ್ಬರು ಬೀಗರೂ ಒಳ್ಳೆಯವರೇ

ಅಕ್ಕನ ಮಾತು ಸರಿ. ಭಾವನವರ ಫೋನು, ಟೀವಿ, ಹಳೇ ಲ್ಯಾಪ್‌ಟಾಪು ಎಲ್ಲದಕ್ಕೂ ನೆಟ್ ಬರುತ್ತಿತ್ತು. ಅಂದಮೇಲೆ ರಸ್ತೆಯಿಂದ ಬಂದ ಲೈನು ಸರಿ, ಡಬ್ಬಿಯೂ ಸರಿ.

ಹಾಗಾದರೆ ಕಂಪ್ಯೂಟರ್ ಕೆಟ್ಟಿದೆಯೇ? ಅದನ್ನೂ ನೋಡಿದ್ದಾಯಿತು. ಕಾಲೇಜಿಗೆ ಹೋಗುವ ಅಕ್ಕನ ಮಗಳ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿದೆವು. ಹೊಸ ಕಂಪ್ಯೂಟರ್ ಒಂದೇ ಏಟಿಗೆ ಹಿಡಿಯಿತು! ಆ ರಾತ್ರಿಯೇ ಭಾವ 3ಬಿ ಸಲ್ಲಿಸಿ ಉಸಿರು ಬಿಟ್ಟರು. ದಂಡ ಉಳಿಯಿತು. ಕಂಪ್ಯೂಟರ್ ಒಳಗಿನ ವೈಫೈ ಸರಿಯಿದೆ ಎಂಬುದಕ್ಕೂ ಸಾಕ್ಷಿ ಸಿಕ್ಕಿತು.

ಬೀಗರಿಬ್ಬರೂ ಒಳ್ಳೆಯವರೇ, ಮಾತುಕತೆ ಮಾತ್ರ ಇಲ್ಲ. ಅಂದರೆ ನಡುವೆ ಯಾರೋ ಅಡ್ಡ ನಿಂತಿದ್ದಾರೆ ಎಂದಾಯಿತು.

ಸುಳಿವು ಕೊಟ್ಟವಳು ಅಕ್ಕನ ಮಗಳು. "ಮಾಮಾ, ಯುಗಾದಿಗೆ ಕೊಡಿಸಿದ್ರಲ್ಲ ಈ ಫೋನು, ಇದಕ್ಕೂ ಮನೆ ವೈಫೈ ಬರಲ್ಲ. ಫೋನೇ ಸರಿಯಿಲ್ಲ ಅಂದ್ಕೊಂಡು ನನ್ನ ಡೇಟಾನೇ ಖರ್ಚು ಮಾಡ್ತಿದ್ದೆ." ಇಷ್ಟು ದಿನ ಹುಡುಗಿ ಬಾಯಿ ಬಿಟ್ಟಿರಲಿಲ್ಲ! ಹಳೆಯದಕ್ಕೆಲ್ಲ ಬರುತ್ತದೆ, ಹೊಸದಕ್ಕೆ ಯಾವುದಕ್ಕೂ ಇಲ್ಲ. ಡಬ್ಬಿಯೊಳಗೆ ಒಂದು ಪಟ್ಟಿ ಇರಲೇಬೇಕು ಎಂದು ನನಗೆ ಆಗ ಅನುಮಾನ ಬಂತು.

ಗುಂಡುಸೂಜಿ ಕೈಯಲ್ಲಿತ್ತು

ಪಟ್ಟಿ ನೋಡಬೇಕಾದರೆ ಡಬ್ಬಿಯ ಒಳಗೆ ಹೋಗಬೇಕು. ಅದಕ್ಕೊಂದು ವಿಳಾಸ ಉಂಟು. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಡಬ್ಬಿಯ ಬೆನ್ನಿನ ಚೀಟಿಯಲ್ಲಿ ಬರೆದಿರುತ್ತದೆ. ಭಾವನವರ ಫೋನಿನಲ್ಲಿ ಅದನ್ನು ಹೊಡೆದರೆ ಪುಟ ಬಂತು, ಬೇರೆ ಪಾಸ್‌ವರ್ಡ್ ಕೇಳಿತು. ಇದು ವೈಫೈ ಪಾಸ್‌ವರ್ಡ್ ಅಲ್ಲ, ಡಬ್ಬಿಯ ಯಜಮಾನಿಕೆಯ ಪಾಸ್‌ವರ್ಡ್. ಚೀಟಿಯಲ್ಲಿ ಇದ್ದದ್ದನ್ನು ಯಾರೋ ಬದಲಾಯಿಸಿದ್ದರು. ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ತಿಂಗಳು ತಿಂಗಳು ಬಿಲ್ಲು ಕಟ್ಟುವ ಯಜಮಾನರಿಗೂ ಗೊತ್ತಿಲ್ಲ!

ಡಬ್ಬಿಯ ಹಿಂದೆ ಸಣ್ಣ ತೂತಿರುತ್ತದೆ. ಗುಂಡುಸೂಜಿ ಚುಚ್ಚಿ ಹತ್ತು ಸೆಕೆಂಡು ಹಿಡಿದರೆ ಎಲ್ಲವೂ ಅಳಿಸಿ ಡಬ್ಬಿ ಹೊಸದರಂತಾಗುತ್ತದೆ. ನಾನು ಸೂಜಿ ಕೈಯಲ್ಲಿ ಹಿಡಿದೇಬಿಟ್ಟಿದ್ದೆ. ಅಕ್ಕ ತಡೆದಳು. "ತಡಿಯೋ, ಹಾಕಿದ ಹುಡುಗನ್ನ ಮೊದ್ಲು ಕೇಳೋಣ." ಕೇಳಿದ್ದು ಒಳ್ಳೆಯದಾಯಿತು. ಏಕೆಂದರೆ ಕಂಪನಿಯವರು ಲೈನಿಗೆ ಕೊಟ್ಟ ಹೆಸರು, ಗುಟ್ಟಿನ ಪದ ಎರಡೂ ಅನೇಕ ಡಬ್ಬಿಗಳಲ್ಲಿ ಒಳಗೇ ಕೂತಿರುತ್ತವೆ. ಚುಚ್ಚಿದರೆ ಅವೂ ಅಳಿಸುತ್ತವೆ. ಬರುತ್ತಿದ್ದ ಫೋನು, ಟೀವಿಗೂ ಅಂದು ರಾತ್ರಿ ನೆಟ್ ಇರುತ್ತಿರಲಿಲ್ಲ.

ಹುಡುಗ ಅದೇ ಓಣಿಯವನು. ಆಗ ಡಿಪ್ಲೊಮಾ ಓದುತ್ತಿದ್ದ, ಈಗ ಬೆಂಗಳೂರಿನಲ್ಲಿ ನೌಕರಿ. ಫೋನು ಎತ್ತಿದವನೇ ನಕ್ಕ. "ಅಂಕಲ್, 2021ರ ಲಾಕ್‌ಡೌನ್‌ನಾಗೆ ಅಕ್ಕಪಕ್ಕದ ಹುಡುಗರು ನಿಮ್ಮ ಪಾಸ್‌ವರ್ಡ್ ತಿಳ್ಕಂಡು ಸಿನಿಮಾ ನೋಡ್ತಿದ್ರಲ್ಲ, ಪಾಪುನ ಆನ್‌ಲೈನ್ ಪಾಠ ನಿಂತು ನಿಂತು ಬರ್ತಿತ್ತು. ನೀವೇ ಹೇಳಿದ್ರಿ, ನಮ್ಮ ಮನೇವು ಬಿಟ್ಟು ಯಾವುದೂ ಹಿಡಿಯಬಾರದು ಅಂತ. ಅದಕ್ಕೆ ಪಟ್ಟಿ ಹಾಕಿದ್ದೆ." ಭಾವನವರು ತಲೆ ಕೆರೆದುಕೊಂಡರು. ತಾವೇ ಹಾಕಿಸಿದ ಬೀಗ, ತಾವೇ ಮರೆತಿದ್ದರು!

ಚಾಸಿಸ್ ನಂಬರಿನ ಲೆಕ್ಕ

ಇದೇನು ಪಟ್ಟಿ? ಪ್ರತಿ ಬಸ್ಸಿಗೂ ಚಾಸಿಸ್ ನಂಬರ್ ಇದ್ದಂತೆ ವೈಫೈ ಹಿಡಿಯುವ ಪ್ರತಿ ಯಂತ್ರಕ್ಕೂ ತಯಾರಿಸಿದವರೇ ಕೊಟ್ಟ ನಂಬರ್ ಇರುತ್ತದೆ. ಮ್ಯಾಕ್ ಅಡ್ರೆಸ್ ಎನ್ನುತ್ತಾರೆ. 0ಯಿಂದ 9ರವರೆಗಿನ ಅಂಕಿ, ಎ ಇಂದ ಎಫ್‌ವರೆಗಿನ ಅಕ್ಷರ, ಒಟ್ಟು 12. ಪಟ್ಟಿಯಲ್ಲಿ ಹಳೇ ಕಂಪ್ಯೂಟರಿನ ನಂಬರ್ ಇತ್ತು, ಹೊಸದರದ್ದು ಇರಲಿಲ್ಲ. ಟಿಕೆಟ್ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಂಡಕ್ಟರ್ ಬಸ್ಸು ಹತ್ತಿಸಲಿಲ್ಲ!

ಹೊಸ ನಂಬರನ್ನು ಸೇರಿಸಿದರೆ ಸಾಕಿತ್ತು. ಆದರೆ ನಾವು ಪಟ್ಟಿಯನ್ನೇ ತೆಗೆದೆವು. ಕಾರಣ ಎರಡು. ಈ ನಂಬರನ್ನು ನಕಲು ಮಾಡುವುದು ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ, ಇದು ಗಟ್ಟಿ ಬೀಗವಲ್ಲ. ಎರಡನೆಯದಾಗಿ, 2019ರಲ್ಲಿ ಬಂದ ಆಂಡ್ರಾಯ್ಡ್ 10, 2020ರ ಐಫೋನ್ ತಂತ್ರಾಂಶದಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ನಂಬರ್ ಮುಚ್ಚಿಟ್ಟು ಒಂದು ಸುಳ್ಳು ನಂಬರ್ ತೋರಿಸುತ್ತವೆ. ಡಬ್ಬದ ಮೇಲಿನ ನಂಬರ್ ನೋಡಿ ಪಟ್ಟಿಗೆ ಸೇರಿಸಿದರೆ ಕೆಲಸವಾಗದು. ಪಟ್ಟಿಯ ಬದಲು ಉದ್ದನೆಯ ಹೊಸ ವೈಫೈ ಪಾಸ್‌ವರ್ಡ್ ಇಟ್ಟೆವು, ಭದ್ರತೆ ಡಬ್ಲ್ಯುಪಿಎ2 ಇದೆಯೇ ಎಂದು ನೋಡಿದೆವು. ಎಲ್ಲ ಫೋನು, ಟೀವಿಗೆ ಮತ್ತೊಮ್ಮೆ ಹೊಡೆಯುವ ಕೆಲಸವಾಯಿತು, ಆಗಲಿ. ಹೊಸ ಕಂಪ್ಯೂಟರ್ ಹಿಡಿಯಿತು, ಹುಡುಗಿಯ ಫೋನೂ ಹಿಡಿಯಿತು.

ಮುಗಿಯಿತು ಎಂದರೆ ಮುಗಿಯಲಿಲ್ಲ

ನೆಟ್ ಬಂತು, ಆದರೆ ಎತ್ತಿನಗಾಡಿಯ ವೇಗ. ವೈಫೈ ಎರಡು ದಾರಿಯಲ್ಲಿ ಹೋಗುತ್ತದೆ. 2.4 ಗಿಗಾಹರ್ಟ್ಸ್ ದಾರಿ ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ವೇಗ, ಗೋಡೆ ಅಡ್ಡ ಬಂದರೆ ಸುಸ್ತು. ಹಳೇ ಕಂಪ್ಯೂಟರಿಗೆ ಮೊದಲನೆಯದು ಮಾತ್ರ ಗೊತ್ತಿತ್ತು. ಹೊಸದು ಎರಡನೆಯದನ್ನು ಹಿಡಿದು ಕೂತಿತ್ತು. ಸಾಲದ್ದಕ್ಕೆ ಡಬ್ಬಿ ಇದ್ದದ್ದು ಕೆಳಗೆ ಅಂಗಡಿಯಲ್ಲಿ, ಸ್ಟೀಲ್ ಕೊಡಪಾನಗಳ ಸಾಲಿನ ಹಿಂದೆ! ಲೋಹ ಎದುರಾದರೆ ಈ ಅಲೆ ತಿರುಗಿ ಹೋಗುತ್ತದೆ. ಡಬ್ಬಿಯನ್ನು ಮೆಟ್ಟಿಲ ಗೋಡೆಗೆ ಎತ್ತರದಲ್ಲಿ ಕಟ್ಟಿದೆವು. ಫೈಬರ್ ತಂತಿಯೊಳಗೆ ಇರುವುದು ಗಾಜಿನ ಎಳೆ, ಮಡಚದಂತೆ ಜೋಪಾನವಾಗಿ ಎಳೆದೆವು. ವೇಗ ಬಂತು.

ಇನ್ನೊಂದು ಪ್ರಿಂಟರಿನ ಗೋಳು. ಹಳೇ ಕಂಪ್ಯೂಟರಿಗೆ ತಂತಿ ಹಾಕಿದ್ದ ಪ್ರಿಂಟರಿಗೆ ಲ್ಯಾಪ್‌ಟಾಪಿನಿಂದಲೂ ಕಾಗದ ಕಳಿಸುತ್ತಿದ್ದರು. ಈಗ ಲ್ಯಾಪ್‌ಟಾಪು ಇಲ್ಲದ ಹಳೇ ಕಂಪ್ಯೂಟರಿನ ಹೆಸರನ್ನೇ ಕೂಗುತ್ತಿತ್ತು. ಹೊಸದರಲ್ಲಿ ಮನೆಯ ನೆಟ್‌ವರ್ಕನ್ನು 'ಪಬ್ಲಿಕ್' ಇಂದ 'ಪ್ರೈವೇಟ್' ಮಾಡಿ, ಪ್ರಿಂಟರ್ ಹಂಚಿಕೊಳ್ಳಲು ಒಪ್ಪಿಗೆ ಕೊಟ್ಟು, ಲ್ಯಾಪ್‌ಟಾಪಿಗೆ ಹೊಸ ಹೆಸರು ತೋರಿಸಿದ ಮೇಲೆ ಕಾಗದ ಹೊರಬಂತು.

ನಿಮ್ಮ ಮನೆಗೂ ಹೊಸದು ಬಂದರೆ

ಈ ಪೇಟೆಯಲ್ಲಿ ಹಳೇ ಕಂಪ್ಯೂಟರ್ ಬದಲಾಯಿಸುವ ಅಂಗಡಿ ಇದೊಂದೇ ಅಲ್ಲ. ಆದ್ದರಿಂದ ವಾಚಕರು ಈ ಸಾಲು ಕತ್ತರಿಸಿ ಇಟ್ಟುಕೊಳ್ಳಬಹುದು:

1. ಬೇರೆ ಫೋನಿಗೆ ವೈಫೈ ಬರುತ್ತದೆಯೇ? ಬಂದರೆ ಲೈನು, ಡಬ್ಬಿ ಸರಿ. ಯಾವುದಕ್ಕೂ ಬರದೆ ಡಬ್ಬಿಯಲ್ಲಿ ಕೆಂಪು ದೀಪ ಉರಿದರೆ ಮೊದಲು ಲೈನಿನವರನ್ನು ಕೇಳಿ.

2. ಹೊಸ ಕಂಪ್ಯೂಟರ್ ಫೋನಿನ ಹಾಟ್‌ಸ್ಪಾಟ್ ಹಿಡಿಯುತ್ತದೆಯೇ? ಹಿಡಿದರೆ ಅದೂ ಸರಿ. ಯಾವ ವೈಫೈ ಹೆಸರೂ ಕಾಣಿಸದಿದ್ದರೆ ಅದರಲ್ಲಿ ವೈಫೈ ಕಾರ್ಡೇ ಇಲ್ಲದಿರಬಹುದು. ಮೇಜಿನ ಮೇಲಿಡುವ ಎಷ್ಟೋ ಕಂಪ್ಯೂಟರುಗಳಿಗೆ ಅದು ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ಡಾಂಗಲ್ ಸಾಕು.

3. ಸೇರಿದೆ ಎನ್ನುತ್ತದೆ, ನೆಟ್ ಇಲ್ಲ. ಆಗ ಕಂಪ್ಯೂಟರಿನ ಐಪಿ ವಿಳಾಸ ನೋಡಿ. 169.254 ಎಂದು ಶುರುವಾದರೆ ಡಬ್ಬಿಯಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ ಎಂದರ್ಥ. ಡಬ್ಬಿ, ಕಂಪ್ಯೂಟರ್ ಎರಡನ್ನೂ ಆರಿಸಿ ಹಾಕಿ. ತಾರೀಖು, ಗಂಟೆ ತಪ್ಪಿದ್ದರೂ ಬ್ಯಾಂಕಿನ ಪುಟ ತೆರೆಯದು.

4. ಹೊಸದು ಪೂರ್ತಿ ನಡೆಯುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಹಾಕುವಾಗ ಒಳಗಿನದನ್ನೆಲ್ಲ ಅಳಿಸದೆ ಕೊಡಬೇಡಿ.

ಕೀಲಿಕೈ ಯಾರ ಜೇಬಿನಲ್ಲಿ?

ಕೊನೆಗೆ ಒಂದು ಮಾತು. ಕೆಟ್ಟದ್ದು ಡಬ್ಬಿಯೂ ಅಲ್ಲ, ಕಂಪ್ಯೂಟರೂ ಅಲ್ಲ. ಮನೆಯ ಕೀಲಿಕೈ ಮನೆಯವರ ಹತ್ತಿರ ಇರಲಿಲ್ಲ, ಅಷ್ಟೇ. ಆ ಹುಡುಗ ಒಳ್ಳೆಯವನು, ಫೋನೆತ್ತಿದ, ನೆನಪಿಟ್ಟಿದ್ದ. ಎತ್ತದಿದ್ದರೆ? ಡಬ್ಬಿ ಹಾಕಲು ಬರುವ ಪ್ರತಿಯೊಬ್ಬನೂ ಹೋಗುವ ಮುನ್ನ ಯಜಮಾನಿಕೆಯ ಪಾಸ್‌ವರ್ಡ್, ಲೈನಿನ ಹೆಸರು, ಗುಟ್ಟಿನ ಪದ, ಒಳಗೆ ಬದಲಾಯಿಸಿದ್ದೇನು ಎಂಬುದನ್ನು ಬರೆದು ಕೊಡಬೇಕು. ಕೊಡದಿದ್ದರೆ ಕೇಳಿ ಇಸಕೊಳ್ಳಬೇಕು. ಕೂಲಿ ಕೊಡುವ ಮುಂಚೆ!

ಭಾವನವರು ಈಗ ಅದನ್ನೆಲ್ಲ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ತಮ್ಮ ಕೈಯಾರೆ ಬರೆದು ತಿಜೋರಿಯಲ್ಲಿ ಇಟ್ಟಿದ್ದಾರೆ. ಉಳಿದ ಎರಡೂವರೆ ಸಾವಿರ ಏನಾಯಿತು ಎಂದು ಕೇಳಿದೆ. "ನಿಮ್ಮಕ್ಕನ್ನ ಕೇಳಪ್ಪ, ಅದು ಅವಳ ಹತ್ರ ಐತಿ" ಎಂದರು.