ಗುಲಗಂಜಿಯ ಹತ್ತೊಂಬತ್ತನೆಯ ಪಾಲು

ಗದಗ-ಬೆಟಗೇರಿಯ ಸರಾಫರ ಅಂಗಡಿಯಲ್ಲಿ ಚಿನ್ನ ತೂಗುವ ಹೊತ್ತನ್ನು ನೋಡಬೇಕು. ತಕ್ಕಡಿ ನಿಲ್ಲುವವರೆಗೆ ಕೊಳ್ಳುವವರೂ ಮಾತನಾಡುವುದಿಲ್ಲ, ಮಾರುವವರೂ ಮಾತನಾಡುವುದಿಲ್ಲ. ಫ್ಯಾನಿನ ಗಾಳಿ ತಾಗೀತೆಂದು ತಕ್ಕಡಿಗೆ ಗಾಜಿನ ಮನೆ ಬೇರೆ! ಈಗ ಗ್ರಾಮು, ಮಿಲಿಗ್ರಾಮುಗಳ ಲೆಕ್ಕ ನಡೆದಿದೆಯಾದರೂ ಮನೆಯ ಹಿರಿಯರ ಬಾಯಲ್ಲಿ ತೊಲೆ ಗುಂಜಿಗಳು ಇನ್ನೂ ಉಳಿದಿವೆ. ಕೆಂಪು ಮೈಗೆ ಕಪ್ಪು ಟೋಪಿ ಹಾಕಿಕೊಂಡ ಗುಲಗಂಜಿಗಳು ತೊಂಬತ್ತಾರು ಕೂಡಿದರೆ ಒಂದು ತೊಲೆ. ಆ ತೊಲೆಯನ್ನೇ ಇಂಗ್ಲಿಷರು ತಮ್ಮ ಲೆಕ್ಕದಲ್ಲಿ 180 ಗ್ರೇನು ಎಂದು ಗೊತ್ತುಮಾಡಿದ್ದರು. ಅಂದಮೇಲೆ ಒಂದು ಗುಲಗಂಜಿಯ ತೂಕ ಎರಡು ಗ್ರೇನಿಗೆ ತುಸು ಕಡಿಮೆ.

ಈ ಗ್ರೇನಿನ ಹತ್ತನೆಯ ಒಂದು ಪಾಲನ್ನು, ಎಂದರೆ ಗುಲಗಂಜಿಯ ಹತ್ತೊಂಬತ್ತನೆಯ ಒಂದು ಪಾಲನ್ನು, ಉಸಿರು ಬಿಗಿಹಿಡಿದು ತೂಗುವ ಇನ್ನೊಂದು ಜನವರ್ಗ ಪ್ರಪಂಚದಲ್ಲಿದೆ. ಅವರ ತಟ್ಟೆಯಲ್ಲಿರುವುದು ಚಿನ್ನವಲ್ಲ, ಬಂದೂಕಿನ ಮದ್ದು. ಅವರು ಬೇಟೆಗಾರರೂ ಅಲ್ಲ, ಸೈನಿಕರೂ ಅಲ್ಲ. ದೂರದ ಗುರಿಗೆ ರೈಫಲಿನಿಂದ ಗುಂಡು ಹೊಡೆಯುವ ಸ್ಪರ್ಧಾಳುಗಳು. ತಮ್ಮ ತೋಟಾಗಳನ್ನು ತಾವೇ ಕೈಯಿಂದ ತುಂಬಿಕೊಳ್ಳುವವರು. ತೋಟಾ ಎಂದರೆ ನಮ್ಮ ಕಡೆಯ ಹಳೆಯ ಮಂದಿ ಕಾಡತೂಸು ಎನ್ನುವ ವಸ್ತುವೇ.

ಅಂಗಡಿಯಲ್ಲಿ ಸಿದ್ಧ ತೋಟಾ ದೊರೆಯುವಾಗ ಈ ಪಡಿಪಾಟಲು ಏಕೆ ಎಂದು ವಾಚಕರು ಕೇಳಬಹುದು. ಉತ್ತರ ದೂರದಲ್ಲಿದೆ. ಸ್ಪರ್ಧೆಯ ದೊಡ್ಡ ದೂರ ಸಾವಿರ ಗಜ, ಹಳೆಯ ಲೆಕ್ಕದಲ್ಲಿ ನಾಲ್ಕೂವರೆ ಫರ್ಲಾಂಗು. ಕೆನಡಾದ ಜಾರ್ಜ್ ಫಾರ್ಕರ್ಸನ್ ಎಂಬವರ ಹೆಸರಿನ ಮೊದಲಕ್ಷರವನ್ನು ಹೊತ್ತ ‘ಎಫ್’ ವರ್ಗದ ಸ್ಪರ್ಧೆಯಲ್ಲಿ ಅಷ್ಟು ದೂರದಲ್ಲಿ ಹತ್ತು ಅಂಕ ಕೊಡುವ ವೃತ್ತ ಒಂದು ಊಟದ ತಟ್ಟೆಯಷ್ಟು. ಅದರೊಳಗಿನ ಅತ್ಯುತ್ತಮ ವೃತ್ತ ಅಂಗೈಯಗಲ, ಸುಮಾರು ಐದು ಅಂಗುಲ. ಗುಂಡು ಅಲ್ಲಿಗೆ ತಲುಪಲು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಭೂಮಿ ಅದನ್ನು ತನ್ನತ್ತ ಎಳೆಯದೆ ಬಿಟ್ಟೀತೆ? ನೂರು ಗಜಕ್ಕೆ ಸರಿಯಾಗಿ ಹೊಂದಿಸಿದ ಸಾಮಾನ್ಯ ಸ್ಪರ್ಧಾ ರೈಫಲಿನಿಂದ ಹಾಗೆಯೇ ಹಾರಿಸಿದರೆ ಸಾವಿರ ಗಜದಲ್ಲಿ ಗುಂಡು ಸುಮಾರು ಮೂವತ್ತು ಅಡಿ ಕೆಳಗೆ ಬೀಳುತ್ತದೆ. ಈ ಇಳಿತವನ್ನು ಲೆಕ್ಕ ಹಾಕಿ ನಳಿಗೆಯನ್ನು ಮೇಲಕ್ಕೆತ್ತಬಹುದು, ಅದೇನೂ ಕಷ್ಟವಲ್ಲ. ಕಷ್ಟವಿರುವುದು ಒಂದು ಗುಂಡಿನಂತೆ ಇನ್ನೊಂದು ಹೋಗದಿರುವುದರಲ್ಲಿ. ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಡಬೇಕಾದ ಗುಂಡು ಹತ್ತು ಅಡಿ ನಿಧಾನವಾದರೆ ಸಾವಿರ ಗಜದಲ್ಲಿ ಮೂರು ನಾಲ್ಕು ಅಂಗುಲ ಕೆಳಗೆ ತಾಗುತ್ತದೆ. ಅಂಗೈಯಗಲದ ಗುರಿಗೆ ಮೂರು ನಾಲ್ಕು ಅಂಗುಲವೆಂದರೆ ಗೆಲುವಿಗೂ ಸೋಲಿಗೂ ಇರುವ ಅಂತರ.

ಮೇಜಿನ ಮೇಲಿನ ಸಾಧನೆ

ತೋಟಾದಲ್ಲಿ ನಾಲ್ಕೇ ವಸ್ತುಗಳು: ಹಿತ್ತಾಳೆಯ ಚಿಪ್ಪು, ಅದರ ಬುಡದ ಕೇಪು, ಒಳಗಿನ ಮದ್ದು, ಬಾಯಲ್ಲಿ ಕಚ್ಚಿಕೊಂಡ ಗುಂಡು. ಹಿತ್ತಾಳೆಗೆ ಒಂದು ವಿಶೇಷ ಗುಣವುಂಟು. ಬಂದೂಕಿನೊಳಗೆ ಮದ್ದು ಉರಿದಾಗ ಅದು ಹಿಗ್ಗಿ ಮದ್ದುಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ, ಆ ಬಂದೂಕಿನ ಅಚ್ಚನ್ನೇ ತಾಳುತ್ತದೆ. ದರ್ಜಿಯ ಬಳಿ ಮೈಯಳತೆ ಕೊಟ್ಟು ಹೊಲಿಸಿದ ಅಂಗಿಗೂ ಸಂತೆಯ ಅಂಗಿಗೂ ಇರುವ ಭೇದವೇ ಒಮ್ಮೆ ಹಾರಿಸಿದ ಚಿಪ್ಪಿಗೂ ಹೊಸ ಚಿಪ್ಪಿಗೂ ಇದೆ. ಆದ್ದರಿಂದ ಈ ಜನ ಹಾರಿಸಿದ ಚಿಪ್ಪನ್ನು ಎಸೆಯದೆ ಆಯ್ದುಕೊಂಡು, ತೊಳೆದು, ಬಾಯಿಯನ್ನು ಮತ್ತೆ ಬಿಗಿಮಾಡಿ, ಉದ್ದವನ್ನು ಸಮನಾಗಿ ಕತ್ತರಿಸಿ, ಹೊಸ ಕೇಪು ಕೂಡಿಸಿ ಮರಳಿ ತುಂಬುತ್ತಾರೆ. ಚಿಪ್ಪಿಗೆ ಚಿಪ್ಪನ್ನು ತೂಗಿ, ಸರಿಹೊಂದದ್ದನ್ನು ಅಭ್ಯಾಸಕ್ಕೆಂದು ಬೇರೆ ಇಡುವವರೂ ಇದ್ದಾರೆ.

ಇನ್ನು ಮದ್ದಿನ ಪ್ರಮಾಣ. ತಯಾರಕರು ಪ್ರಕಟಿಸುವ ಕೋಷ್ಟಕದ ಅತ್ಯಂತ ಕೆಳಗಿನ ಅಂಕಿಯಿಂದ ಆರಂಭಿಸಿ, ಕಣಕಣವಾಗಿ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲಿಯೂ ಹಾರಿಸಿ ನೋಡಿ ಗುರಿಯ ಕಾಗದದ ಮೇಲಿನ ತೂತುಗಳನ್ನು ಅಳೆಯುತ್ತಾರೆ. ಮದ್ದು ತುಸು ಹೆಚ್ಚಿದರೂ ಕಡಿಮೆಯಾದರೂ ಗುಂಡುಗಳು ಅದೇ ಎತ್ತರದಲ್ಲಿ ತಾಗುವ ಒಂದು ಹದ ಆ ಏಣಿಯಲ್ಲಿ ಎಲ್ಲೋ ದೊರೆಯುತ್ತದೆ. ಅದರ ನಡುವಿನ ಅಂಕಿಯನ್ನು ಆರಿಸಿಕೊಳ್ಳುತ್ತಾರೆ. ಆಮೇಲೆ ಗುಂಡನ್ನು ಚಿಪ್ಪಿನಲ್ಲಿ ಎಷ್ಟು ಆಳಕ್ಕೆ ಕೂರಿಸಬೇಕೆಂಬ ಪರೀಕ್ಷೆ. ಇಲ್ಲಿನ ಅಳತೆ ಅಂಗುಲದ ಸಾವಿರದ ಪಾಲುಗಳಲ್ಲಿ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಪ್ಪಳದ ಹಿಟ್ಟಿಗೆ ಉಪ್ಪು, ಖಾರ, ಸೋಡಾ ಮೂರನ್ನೂ ಒಮ್ಮೆಗೇ ಬದಲಿಸಿದರೆ ಕೆಟ್ಟದ್ದು ಯಾವುದರಿಂದೆಂದು ಯಾವ ಅಜ್ಜಿಗೂ ಹೇಳಲಾಗದು. ಕೋಷ್ಟಕದ ಮೇಲಿನ ಮಿತಿಯನ್ನು ಮೀರಿದವನಿಗಂತೂ ಕ್ಷಮೆಯಿಲ್ಲ. ಬಂದೂಕಿನ ಹಿಂಭಾಗ ಒಡೆದರೆ ಮುಖ ಅಲ್ಲಿಂದ ಒಂದು ಗೇಣಿನಷ್ಟು ದೂರದಲ್ಲಿರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗಾಳಿ ಒಂದುಂಟು. ಮುಂಡರಗಿ, ಶಿರಹಟ್ಟಿಗಳ ಕಡೆಯವರಿಗೆ ಗಾಳಿಯ ವಿಷಯ ಹೇಳಬೇಕಾದದ್ದಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ವಿದ್ಯುತ್ತಿನ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಗಂಟೆಗೆ ಹತ್ತು ಮೈಲಿನ ಅಡ್ಡಗಾಳಿ ಸಾವಿರ ಗಜದಲ್ಲಿ ಗುಂಡನ್ನು ಏಳೆಂಟು ಅಡಿ ಪಕ್ಕಕ್ಕೆ ಒಯ್ಯುತ್ತದೆ. ಎಷ್ಟು ನಾಜೂಕಾಗಿ ತುಂಬಿದ ತೋಟಾದಿಂದಲೂ ಗಾಳಿಯನ್ನು ತಡೆಯಲಾಗದು. ಹಾಗಾದರೆ ತೂಗಿ ತೂಗಿ ಏನು ಬಂತು? ಬಂದದ್ದು ಇಷ್ಟು: ತೋಟಾಗಳೆಲ್ಲ ಒಂದೇ ಸಮ ಎಂದು ಖಾತ್ರಿಯಾದಾಗ, ತಪ್ಪಿದ ಗುಂಡು ಗಾಳಿಯದೋ ತನ್ನದೋ ಎಂಬುದು ಹೊಡೆದವನಿಗೆ ಗೊತ್ತಾಗುತ್ತದೆ. ದೂರುವುದಕ್ಕೆ ಮೂರನೆಯದೊಂದು ಉಳಿಯುವುದಿಲ್ಲ. ಈ ಹವ್ಯಾಸದ ಮರ್ಮ ಇದೇ ಎಂದು ನನ್ನ ಅಭಿಪ್ರಾಯ.

ಡಾಕ್ಟರರ ಮೂವತ್ತೆಂಟು ವರ್ಷ

ಈ ಖಾತ್ರಿಗಾಗಿ ಆಯುಷ್ಯ ಸವೆಸಿದವರಲ್ಲಿ ಅಮೆರಿಕದ ಡಾ. ಫ್ರಾಂಕ್ಲಿನ್ ಮ್ಯಾನ್ ಮುಖ್ಯರು. ಓದಿದ್ದು ವೈದ್ಯ. ಹಣ ಗಳಿಸಿದ್ದು ಕೋಳಿಗಳ ಮೇವಿಗಾಗಿ ಎಲುಬು ಕತ್ತರಿಸುವ ಯಂತ್ರ ಮಾಡಿ. ಆ ಹಣವನ್ನು ಸುರಿದದ್ದು ಒಂದೇ ಪ್ರಶ್ನೆಗೆ: ಅದೇ ಬಂದೂಕು, ಅದೇ ಮದ್ದು, ಅದೇ ಗುರಿ, ಆದರೂ ಗುಂಡುಗಳು ಏಕೆ ಚದುರುತ್ತವೆ? ಮನುಷ್ಯನ ಕೈನಡುಕದ ನೆಪವೇ ಬೇಡವೆಂದು ಕಾಂಕ್ರೀಟಿನ ಭಾರಿ ಕಟ್ಟೆ ಕಟ್ಟಿಸಿ ನಳಿಗೆಯನ್ನು ಅದರ ಮೇಲೆ ಕೂರಿಸಿದರು. ಗುಂಡಿನ ದಾರಿಯುದ್ದಕ್ಕೂ ಕಾಗದದ ತೆರೆಗಳನ್ನು ಕಟ್ಟಿ, ಅದು ಎಲ್ಲಿ ನೆಟ್ಟಗೆ ಹೋಯಿತು, ಎಲ್ಲಿ ಓರೆಯಾಯಿತು ಎಂದು ತೂತುಗಳ ಆಕಾರದಿಂದ ಓದಿದರು. ಮೂವತ್ತೆಂಟು ವರ್ಷಗಳ ಈ ಪರಿಶ್ರಮ 1909ರಲ್ಲಿ ಗ್ರಂಥವಾಗಿ ಹೊರಬಂತು. ದೋಷ ಬಹುಮಟ್ಟಿಗೆ ಗುಂಡಿನಲ್ಲಿಯೇ, ಅದರಲ್ಲೂ ಸೊಟ್ಟಗಾದ ಬುಡದಲ್ಲಿ ಮತ್ತು ನಡುವಿಗೆ ಸರಿಯಾಗಿ ಬೀಳದ ತೂಕದಲ್ಲಿ ಇದೆ ಎಂದು ಅವರು ತೋರಿಸಿಕೊಟ್ಟರು.

ಮ್ಯಾನರಿಗಿಂತ ಮುಂಚೆಯೇ ಈ ಸ್ಪರ್ಧೆಗೆ ರಾಜಮರ್ಯಾದೆ ದೊರೆತಿತ್ತು. 1860ರ ಜುಲೈ 2ರಂದು ಲಂಡನ್ನಿನ ಬಳಿಯ ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯಾ ರಾಣಿ, ಚೌಕಟ್ಟಿನಲ್ಲಿ ಬಿಗಿದಿಟ್ಟ ವಿಟ್‌ವರ್ತ್ ರೈಫಲಿನ ದಾರವನ್ನೆಳೆದು 400 ಗಜದ ಗುರಿಗೆ ಮೊದಲ ಗುಂಡು ಹಾರಿಸಿದಳು. ಅದು ನಡುಬಿಂದುವಿನಿಂದ ಒಂದೂಕಾಲು ಅಂಗುಲದಲ್ಲಿ ತಾಗಿತು. 1874ರ ಸಪ್ಟೆಂಬರ 26ರಂದು ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರಿನಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ 800, 900, 1000 ಗಜಗಳ ಪಂದ್ಯ ನಡೆಯಿತು. ಐರಿಷ್ ಆಟಗಾರನೊಬ್ಬನ ಒಂದು ಗುಂಡು ಪಕ್ಕದವರ ಗುರಿಯ ನಡುವಿಗೆ ತಾಗಿ ಅಂಕವಿಲ್ಲದೆ ಹೋಯಿತು. ಕೊನೆಯ ಹೊಡೆತಕ್ಕೆ ಸಿದ್ಧನಾಗುತ್ತಿದ್ದ ಅಮೆರಿಕದ ಕರ್ನಲ್ ಬೊಡೈನನ ಕೈಯಲ್ಲಿ ಶುಂಠಿ ಪಾನಕದ ಬಾಟಲಿ ಸಿಡಿದು ಅಂಗೈ ಕೊಯ್ದುಹೋಯಿತು. ಕರವಸ್ತ್ರ ಸುತ್ತಿಕೊಂಡು ಆತ ಹೊಡೆದ ಗುಂಡು ನಡುವಿಗೆ ತಾಗಿತು: ಅಮೆರಿಕ 934, ಐರ್ಲೆಂಡ್ 931!

ಕಾಗದದ ಕಾಡತೂಸು

ಆಟದ ಈ ವಿದ್ಯೆ ಹುಟ್ಟಿದ್ದು ಯುದ್ಧದ ಮನೆಯಲ್ಲಿ. ಅದರ ಕಥೆಯ ಒಂದು ಅಧ್ಯಾಯ ನಮ್ಮ ಮುಂಡರಗಿಯವರೆಗೆ ಬರುತ್ತದೆ.

ನುಣುಪು ನಳಿಗೆಯ ಹಳೆಯ ಬಂದೂಕುಗಳಿಗೆ ನೂರು ಗಜದಾಚೆ ನಂಬಿಕೆಯಿರಲಿಲ್ಲ. ನಳಿಗೆಯೊಳಗೆ ಸುರುಳಿಯಾಗಿ ತೋಡು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುತ್ತದೆ. ಆದರೆ ತೋಡಿಗೆ ಬಿಗಿಯಾಗಿ ಕೂರುವ ಗುಂಡನ್ನು ಬಾಯಿಂದ ಒಳಕ್ಕೆ ಗುದ್ದುವುದು ಪ್ರಯಾಸ. 1853ರ ಎನ್‌ಫೀಲ್ಡ್ ರೈಫಲ್ ಈ ತೊಡಕನ್ನು ಬಿಡಿಸಿತು. ಅದರ ಸೀಸದ ಗುಂಡು 530 ಗ್ರೇನು, ಹತ್ತಿರ ಹತ್ತಿರ ಮೂರು ತೊಲೆ. ನಳಿಗೆಯ ವ್ಯಾಸ 0.577 ಅಂಗುಲವಾದರೆ ಗುಂಡಿನದು 0.568. ಸಡಿಲವಾಗಿ ಇಳಿದು, ಮದ್ದು ಉರಿದೊಡನೆ ಪೊಳ್ಳು ಬುಡ ಅರಳಿ ತೋಡನ್ನು ಕಚ್ಚುತ್ತಿತ್ತು. ಅಳತೆಯ ಮದ್ದನ್ನೂ ಗುಂಡನ್ನೂ ಒಂದೇ ಕಾಗದದ ಸುರುಳಿಯಲ್ಲಿ ಕಟ್ಟಿ, ಗುಂಡಿನ ಕಡೆಗೆ ಕೊಬ್ಬು-ಜೇನುಮೇಣಗಳ ಜಿಡ್ಡು ಸವರುತ್ತಿದ್ದರು. ಆ ಕಾಡತೂಸಿನ ತುದಿಯನ್ನು ಹಲ್ಲಿನಿಂದ ಹರಿಯಬೇಕು. ಆ ಜಿಡ್ಡು ಯಾವ ಪ್ರಾಣಿಯದೆಂಬ ಸಂಶಯ 1857ರಲ್ಲಿ ಏನು ಮಾಡಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಕೈಯಿಂದ ಹರಿದರೂ ಸರಿಯೆಂಬ ಅಪ್ಪಣೆ ಬರುವ ಹೊತ್ತಿಗೆ ಕಾಲ ಮೀರಿತ್ತು. ಪಠ್ಯಪುಸ್ತಕಗಳು ಹೇಳದ ಒಂದು ಸಂಗತಿಯೂ ಉಂಟು. ನಮ್ಮ ಬಿಸಿಲಿಗೆ ಆ ಜಿಡ್ಡು ಕರಗಿ ಕಾಗದ ಒಣಗಿದಾಗ ಗುಂಡುಗಳು ನಳಿಗೆಯಲ್ಲಿ ಸಿಕ್ಕಿಕೊಳ್ಳತೊಡಗಿದವು. ಕಡೆಗೆ ಗುಂಡನ್ನು 0.55 ಅಂಗುಲಕ್ಕೆ ತಗ್ಗಿಸಬೇಕಾಯಿತು. ಇಂದಿನ ಸ್ಪರ್ಧಾಳು ತೋಟಾಗಳನ್ನು ನೆರಳಿನಲ್ಲಿಡುವುದಕ್ಕೂ ಕಾರಣ ಬಿಸಿಲೇ. ಕಾದ ಮದ್ದು ಗುಂಡನ್ನು ಇನ್ನೂ ವೇಗವಾಗಿ ತಳ್ಳುತ್ತದೆ.

ಅದೇ 1857ರಲ್ಲಿ ಸರಕಾರ ನಿಃಶಸ್ತ್ರೀಕರಣದ ಕಾನೂನು ತಂದಿತು. ಶಸ್ತ್ರಗಳನ್ನು ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಪರವಾನಿಗೆ ಬೇಕು. ಮೊದಲು ಸಿಡಿದೆದ್ದವರು ಮುಧೋಳ ಸೀಮೆಯ ಹಲಗಲಿಯ ಬೇಡರು. ಅವರಲ್ಲಿ ಹಲವರು ಗಲ್ಲಿಗೇರಿದರು. ಮರುವರ್ಷ ಸರದಿ ನಮ್ಮದು. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಸುತ್ತಲಿನ ಊರುಗಳು ಕಂಪನಿಯವು. ಮುಂಡರಗಿಯ ಭೀಮರಾಯ ಸರಕಾರಿ ಅಧಿಕಾರದಲ್ಲಿದ್ದು ಕೆಲಸ ಕಳೆದುಕೊಂಡವನು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡನ ಬಳಿ ಶಸ್ತ್ರ ಮತ್ತು ಮದ್ದುಗುಂಡುಗಳ ಗುಪ್ತ ಸಂಗ್ರಹ ಬೆಳೆಯುತ್ತಿತ್ತು. ಅದು ಅಧಿಕಾರಿಗಳ ಕಣ್ಣಿಗೆ ಬಿದ್ದದ್ದೇ ಕಿಡಿಯಾಯಿತು. 1858ರ ಮೇ ಕೊನೆಯ ವಾರದಲ್ಲಿ ಬಂಡಾಯ ಹೊತ್ತಿಕೊಂಡು, ಡಂಬಳದ ಖಜಾನೆ ಲೂಟಿಯಾಗಿ, ದಂಡು ಕೊಪ್ಪಳದ ಕೋಟೆ ಸೇರಿತು. ಜೂನ್ 1ರಂದು ಮೇಜರ್ ಹ್ಯೂಸ್ ಕೋಟೆಯನ್ನು ಹಿಡಿದಾಗ ಭೀಮರಾಯನೂ ಕೆಂಚನಗೌಡನೂ ಮಡಿದರು. ಮರುದಿನ ನರಗುಂದ ಬಿತ್ತು. ತೋಪುಗಳನ್ನು ಒಪ್ಪಿಸೆಂಬ ಒತ್ತಾಯಕ್ಕೆ ಸಿಕ್ಕಿದ್ದ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಒಂದು ಕೋಣೆಯ ಮದ್ದುಗುಂಡಿಗಾಗಿ ತೆತ್ತ ಬೆಲೆ ಇದು.

ಆ ಕಾನೂನಿನ ವಂಶ ಬೆಳೆಯಿತು. 1878ರ ಶಸ್ತ್ರ ಕಾಯಿದೆ ಬಂತು, ಸ್ವತಂತ್ರ ಭಾರತದಲ್ಲಿ 1959ರ ಕಾಯಿದೆ ಅದರ ಜಾಗಕ್ಕೆ ನಿಂತಿತು. ಇಂದಿಗೂ ಪರವಾನಿಗೆಯಿಲ್ಲದೆ ತೋಟಾ ತಯಾರಿಸುವುದು ಭಾರಿ ಶಿಕ್ಷೆಯ ಅಪರಾಧ. ಕೊಡವರಿಗೆ 1861ರಿಂದ ಬಂದ ವಿನಾಯಿತಿ ಉಂಟು. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಲಾಗಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ನೋಡಿದವರು ಮರೆಯಲಾರರು. ಆದರೆ ಅದು ಬಂದೂಕು ಇಟ್ಟುಕೊಳ್ಳುವುದಕ್ಕೆ ಕೊಟ್ಟ ವಿನಾಯಿತಿ. ನಮ್ಮ ದೇಶದ ಹೆಸರಾಂತ ಸ್ಪರ್ಧಾಳುಗಳು ನಿಯಮಾನುಸಾರ ಹೊರದೇಶದ ತೋಟಾ ತರಿಸಿಕೊಳ್ಳಬಹುದು. ವಿಲಾಯತಿಯ ಮಾಸ್ತರನಂತೆ ಮನೆಯ ಮೇಜಿನ ಮೇಲೆ ಸಂಜೆಗಟ್ಟಲೆ ತೂಗುತ್ತ ಕೂರುವುದು ಇಲ್ಲಿ ಸಲ್ಲದು. ಮದ್ದು ಯಾರ ಕೈಗೆ ಸಿಕ್ಕರೂ ಉರಿಯುವ ಪದಾರ್ಥವಾದ್ದರಿಂದ ಈ ಕಟ್ಟು ಇರುವುದೇ ಲೇಸೆಂದು ನನಗೆ ತೋರುತ್ತದೆ. ಆದರೂ ಪ್ರಾಮಾಣಿಕ ಆಟಗಾರನ ಕೈ ಕಟ್ಟಿದಂತಾಗಿರುವುದು ಸುಳ್ಳಲ್ಲ.

ತೂಗುವ ಚಪಲಕ್ಕೆ ಆತ ಬೇರೆ ದಾರಿ ಕಂಡುಕೊಂಡಿದ್ದಾನೆ. ನಗರಗಳ ಮಕ್ಕಳು ಈಗ ಕಲಿಯುವುದು ಗಾಳಿಯ ಒತ್ತಡದ ರೈಫಲಿನಿಂದ. ಮದ್ದಿಲ್ಲ, ಚಿಪ್ಪಿಲ್ಲ, ನಾಲ್ಕೂವರೆ ಮಿಲಿಮೀಟರಿನ ಸೀಸದ ಗುಳಿಗೆ ಮಾತ್ರ, ತೂಕ ನಾಲ್ಕೂವರೆ ಗುಲಗಂಜಿಗಿಂತ ಹೆಚ್ಚಿಲ್ಲ. ಹತ್ತು ಮೀಟರಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು! ಗುಳಿಗೆಯ ಡಬ್ಬಿಗಳು ಒಂದೇ ಕಾರ್ಖಾನೆಯವಾದರೂ ಒಂದೊಂದು ಎರಕದ್ದು ಒಂದೊಂದು ನಳಿಗೆಗೆ ಒಗ್ಗುತ್ತದೆ. ಆದ್ದರಿಂದ ಪಳಗಿದ ಸ್ಪರ್ಧಾಳುಗಳು ರೈಫಲನ್ನು ಹಿಡಿಕೆಯಲ್ಲಿ ಬಿಗಿದು, ಡಬ್ಬಿಯಿಂದ ಡಬ್ಬಿಗೆ ಹಾರಿಸಿ ನೋಡಿ, ಎಲ್ಲ ಗುಳಿಗೆಗಳೂ ಒಂದೇ ತೂತಿನಲ್ಲಿ ಹೋಗುವ ಎರಕ ಸಿಕ್ಕಿತೆಂದರೆ ಅದರ ಡಬ್ಬಿಗಳನ್ನು ಒಂದೇ ಸಲಕ್ಕೆ ಸಾವಿರಗಟ್ಟಲೆ ಗುಳಿಗೆ ಬರುವಂತೆ ಕೊಂಡುಬಿಡುತ್ತಾರೆ.