ಆಕಾಶವಾಣಿ ಯಾರ ವಾಣಿ?

ಬೆಂಗಳೂರಿನ ವಾಯವ್ಯ ಅಂಚಿನಲ್ಲಿ, ತುಮಕೂರು ರಸ್ತೆಗೆ ಹೊಂದಿಕೊಂಡಂತೆ, ಜಾಲಹಳ್ಳಿ ಮತ್ತು ಪೀಣ್ಯ ಎಂಬ ಎರಡು ಪ್ರದೇಶಗಳಿವೆ. ಲೇತು ಯಂತ್ರಗಳ ಸದ್ದು, ಸರಕಿನ ಲಾರಿಗಳ ಧೂಳು, ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕರ ಸಾಲು - ಇವೇ ಇಲ್ಲಿನ ನಿತ್ಯದ ನೋಟ. ಆದರೆ ದೇಶದ ರೇಡಿಯೋ ಮತ್ತು ಟೆಲಿವಿಷನ್‌ಗಳಿಗೆ ಗಂಟಲು ತಯಾರಾದ ಸ್ಥಳಗಳಲ್ಲಿ ಇದೂ ಒಂದೆಂಬುದನ್ನು ಬಲ್ಲವರು ಕಡಮೆ. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1964ರಲ್ಲಿ ಆಕಾಶವಾಣಿಗಾಗಿ ಪ್ರಸಾರ ಯಂತ್ರಗಳನ್ನೂ 1972ರಲ್ಲಿ ದೂರದರ್ಶನದ ಪ್ರಸಾರ ಯಂತ್ರಗಳನ್ನೂ ತಯಾರಿಸತೊಡಗಿತು. ಪೀಣ್ಯದ ಸಾಧಾರಣ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ನೇತೃತ್ವದ ತಂಡ ಕಟ್ಟಿದ 'ಆರ್ಯಭಟ' ಉಪಗ್ರಹ 1975ರ ಏಪ್ರಿಲ್ 19ರಂದು ಗಗನಕ್ಕೇರಿತು.

ಗಂಟಲನ್ನು ಮಾಡಿಕೊಟ್ಟವರು ನಮ್ಮವರು. ಆ ಗಂಟಲಿನಿಂದ ಹೊರಡುವ ಮಾತು ಯಾರದು ಎಂಬುದು ಮಾತ್ರ ಇಂದಿಗೂ ಬಗೆಹರಿಯದ ಪ್ರಶ್ನೆ. ಪ್ರಸಾರ ಸಂಸ್ಥೆ ಪ್ರಜೆಗಳದೋ, ಗದ್ದುಗೆಯ ಮೇಲಿರುವವರದೋ? ವಿರೋಧ ಪಕ್ಷದಲ್ಲಿದ್ದಾಗ ಈ ಪ್ರಶ್ನೆಯನ್ನು ಕೇಳದ ಪಕ್ಷವಿಲ್ಲ; ಅಧಿಕಾರಕ್ಕೆ ಬಂದ ಮೇಲೆ ಅದಕ್ಕೆ ಪೂರ್ಣ ಉತ್ತರ ಕೊಟ್ಟ ಪಕ್ಷವೂ ಇಲ್ಲ.

ಪ್ರಾಧ್ಯಾಪಕರ ಮನೆಯಿಂದ

'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ದೆಹಲಿಯಲ್ಲಲ್ಲ, ಮೈಸೂರಿನಲ್ಲಿ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಸಾಹಿತಿ ನಾ. ಕಸ್ತೂರಿಯವರು ಅದಕ್ಕೆ ಆಕಾಶವಾಣಿ ಎಂದು ಹೆಸರು ಸೂಚಿಸಿದರು. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದ ಅಂಗವಾಯಿತು. 1955ರಲ್ಲಿ ಬೆಂಗಳೂರಿನ ಕೇಂದ್ರ ಉದ್ಘಾಟನೆಗೊಂಡಿತು. ಮೈಸೂರಿನ ಹೆಸರು ಇಡೀ ದೇಶದ ರೇಡಿಯೋಗೆ ಸಂದಿತು. ಆದರೆ ಒಬ್ಬ ನಾಗರಿಕನ ಉತ್ಸಾಹದಿಂದ ಹುಟ್ಟಿದ ಆ ದನಿ ಅಷ್ಟರೊಳಗೆ ಸರ್ಕಾರದ ಒಂದು ಇಲಾಖೆಯ ದನಿಯಾಗಿತ್ತು.

ಇಲಾಖೆಯ ಹಿಡಿತದಲ್ಲಿರುವುದು ರೇಡಿಯೋಗೆ ಹಿತವಲ್ಲವೆಂದು ಮೊದಲೇ ಎಚ್ಚರಿಸಿದವರಿದ್ದರು. ಅಶೋಕ್ ಚಂದಾ ಅವರ ಅಧ್ಯಕ್ಷತೆಯ ಸಮಿತಿ 1966ರಲ್ಲಿಯೇ ರೇಡಿಯೋ ಮತ್ತು ಟೆಲಿವಿಷನ್‌ಗಳನ್ನು ಎರಡು ಸ್ವತಂತ್ರ ನಿಗಮಗಳಿಗೆ ಒಪ್ಪಿಸಬೇಕೆಂದು ಸಲಹೆ ಮಾಡಿತ್ತು. ಸಲಹೆ ಕಡತದಲ್ಲೇ ಉಳಿಯಿತು. ಅದರ ಬೆಲೆ ತಿಳಿದದ್ದು ಒಂಬತ್ತು ವರ್ಷಗಳ ಅನಂತರ.

ಬೆಂಗಳೂರಿನ ಸೆರೆಮನೆ, ದೆಹಲಿಯ ಮಂತ್ರಿಪದವಿ

1975ರ ಜೂನ್ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ವಾರ್ತಾ ಮಂತ್ರಿಯಾಗಿದ್ದ ಐ.ಕೆ. ಗುಜ್ರಾಲ್ ಅವರನ್ನು ಕೆಲವೇ ದಿನಗಳಲ್ಲಿ ಬದಲಾಯಿಸಿ ವಿ.ಸಿ. ಶುಕ್ಲಾ ಅವರನ್ನು ಆ ಸ್ಥಾನಕ್ಕೆ ತರಲಾಯಿತು. ಪತ್ರಿಕೆಗಳ ಬಾಯಿ ಕಟ್ಟಿತು. ರೇಡಿಯೋ ಹೇಳಿದ್ದೇ ವೇದವಾಯಿತು. ಜನ ಆಲ್ ಇಂಡಿಯಾ ರೇಡಿಯೋವನ್ನು 'ಆಲ್ ಇಂದಿರಾ ರೇಡಿಯೋ' ಎಂದು ಹಾಸ್ಯಮಾಡಿದರು. ಕಾಂಗ್ರೆಸ್ ಪಕ್ಷದವರು ಬಯಸಿದ ಕಾರ್ಯಕ್ರಮಕ್ಕೆ ಹಾಡಲು ಒಪ್ಪದ ಕಿಶೋರ್ ಕುಮಾರರ ಹಾಡುಗಳು 1976ರಲ್ಲಿ ಆಕಾಶವಾಣಿಯಿಂದ ಮಾಯವಾದವು. 'ಕುಳ್ಳ ಏಜೆಂಟ್ 000' ಚಿತ್ರದಲ್ಲಿ ಅವರ ಕಂಠವನ್ನು ಕೇಳಿ ಮೆಚ್ಚಿದ್ದ ಕನ್ನಡಿಗರಿಗೆ ಅದರ ಕಾರಣ ರೇಡಿಯೋದಿಂದ ತಿಳಿಯಲಿಲ್ಲ.

ವಿಧಿಯ ವಿನೋದವನ್ನು ನೋಡಿ. ತುರ್ತು ಪರಿಸ್ಥಿತಿಯ ಮೊದಲ ದಿನ, ಸಂಸದೀಯ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಲ್ಲಿಯೇ ಬಂಧಿಸಿ ನಗರದ ಕೇಂದ್ರ ಕಾರಾಗೃಹದಲ್ಲಿಟ್ಟರು. ಅಂದಿನ ಕೈದಿ ಆಡ್ವಾಣಿ 1977ರ ಮಾರ್ಚಿಯಲ್ಲಿ ದೇಶದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು! ಬಿ.ಜಿ. ವರ್ಗೀಸ್ ಅವರ ನೇತೃತ್ವದ ತಂಡವೊಂದನ್ನು ಅವರು ನೇಮಿಸಿದರು. 'ಆಕಾಶ ಭಾರತಿ' ಎಂಬ ಸ್ವತಂತ್ರ ನ್ಯಾಸ ರಚನೆಯಾಗಬೇಕೆಂದು ಆ ತಂಡ 1978ರಲ್ಲಿ ಶಿಫಾರಸು ಮಾಡಿತು. 1979ರಲ್ಲಿ ಮಸೂದೆ ಬಂದಾಗ ಸ್ವಾತಂತ್ರ್ಯದ ಪ್ರಮಾಣ ಕಿರಿದಾಗಿತ್ತು. ಲೋಕಸಭೆ ವಿಸರ್ಜನೆಯಾದುದರಿಂದ ಆ ಕಿರಿದಾದುದೂ ಕೈಗೂಡಲಿಲ್ಲ.

1977ರ ಚುನಾವಣೆ ಮತ್ತೊಂದು ಪಾಠವನ್ನು ಕಲಿಸಿತು. ಒಂದೇ ಬಗೆಯ ಪ್ರಚಾರವನ್ನು ತಿಂಗಳುಗಟ್ಟಲೆ ಕೇಳಿದ್ದ ಉತ್ತರ ಪ್ರದೇಶ ಮತ್ತು ಬಿಹಾರಗಳಲ್ಲಿ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ದೊರೆಯಲಿಲ್ಲ. ಅದೇ ಪ್ರಚಾರವನ್ನು ಕೇಳಿದ್ದ ಕರ್ನಾಟಕದಲ್ಲಿ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಸಂದವು. ಅಂದರೆ, ಜನ ಮತ ಹಾಕುವುದು ರೇಡಿಯೋದ ಮಾತು ಕೇಳಿಯಲ್ಲ. ಏಕಪಕ್ಷೀಯ ಪ್ರಸಾರದಿಂದ ಚುನಾವಣೆ ಗೆಲ್ಲುವುದೆಂಬ ಭರವಸೆ ಇಲ್ಲ; ಕೇಳುಗರ ನಂಬಿಕೆ ಕಳೆಯುವುದಂತೂ ಖಂಡಿತ. ನಂಬಿಕೆ ಹೋದ ಮೇಲೆ ನಿಜವನ್ನು ಹೇಳಿದರೂ ಜನ ನಂಬರು.

ಹತ್ತು ನಿಮಿಷದ ವಾರ್ತೆ

ಆ ನಷ್ಟ ಎಷ್ಟು ದೊಡ್ಡದಾಗಬಲ್ಲುದೆಂಬುದನ್ನು ಬೆಂಗಳೂರು 1994ರಲ್ಲಿ ಕಂಡಿತು. ಆ ವರ್ಷದ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಕೇಂದ್ರದಿಂದ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾಯಿತು. ರಾಜ್ಯದ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲಿನವರ ಮಾತೃಭಾಷೆ ಉರ್ದು. ಅವರ ಭಾಷೆಯಲ್ಲಿ ವಾರ್ತೆ ಬರಬೇಕೆಂಬುದು ಅನ್ಯಾಯದ ಬೇಡಿಕೆಯಲ್ಲ. ಆದರೆ ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ಪಕ್ಷದ ಆಡಳಿತವಿತ್ತು. ವಿಧಾನಸಭೆಯ ಚುನಾವಣೆ ಬಾಗಿಲಲ್ಲಿತ್ತು. ಇದು ಭಾಷೆಯ ಮೇಲಿನ ಪ್ರೀತಿಯಲ್ಲ, ಮತದ ಲೆಕ್ಕ ಎಂದು ಹಲವರು ಶಂಕಿಸಿದರು. ಕನ್ನಡದ ಹೊತ್ತನ್ನು ಕಸಿದರೆಂಬ ಕೂಗೆದ್ದಿತು. ಕೂಗು ಮತೀಯ ದ್ವೇಷಕ್ಕೆ ತಿರುಗಿತು. ಬೀದಿಗಳಲ್ಲಿ ಬೆಂಕಿ ಹೊತ್ತಿತು, ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ವಾರ್ತೆಯನ್ನು ನಿಲ್ಲಿಸಲಾಯಿತು.

ಆ ಗಲಭೆಯನ್ನು ಯಾವ ಕಾರಣದಿಂದಲೂ ಸಮರ್ಥಿಸುವಂತಿಲ್ಲ. ಆದರೂ ಒಂದು ಮಾತು ಯೋಚನೆಗೆ ತಕ್ಕದ್ದು. ಯಾವ ಸರ್ಕಾರದ ಹಂಗಿಲ್ಲದ, ಎಲ್ಲರ ವಿಶ್ವಾಸವನ್ನು ಗಳಿಸಿದ ಮಂಡಳಿಯೊಂದು ಸಾಕಷ್ಟು ಮೊದಲೇ ಸಾರ್ವಜನಿಕರೊಡನೆ ಸಮಾಲೋಚಿಸಿ ಅದೇ ವಾರ್ತೆಯನ್ನು ಆರಂಭಿಸಿದ್ದರೆ, ಸಂಶಯದ ಕಿಡಿಗೆ ಅಷ್ಟು ಸೌದೆ ದೊರೆಯುತ್ತಿತ್ತೇ?

ಬೀಗ ಸಂಸ್ಥೆಯದು, ಕೀಲಿಕೈ ಸರ್ಕಾರದ್ದು

ಅಂಥ ಮಂಡಳಿಯ ಕಾಯಿದೆ ಆ ವೇಳೆಗೆ ಪುಸ್ತಕದಲ್ಲಿ ಇದ್ದೇ ಇತ್ತು. 1990ರಲ್ಲಿ ಸಂಸತ್ತು ಪ್ರಸಾರ ಭಾರತಿ ಕಾಯಿದೆಯನ್ನು ಅಂಗೀಕರಿಸಿತ್ತು. ಜಾರಿಗೆ ಬರಲು ಏಳು ವರ್ಷ ಬೇಕಾಯಿತು. ಈ ನಡುವೆ, 1995ರಲ್ಲಿ, ಗಾಳಿಯಲೆಗಳು ಸಾರ್ವಜನಿಕರ ಸ್ವತ್ತೇ ಹೊರತು ಸರ್ಕಾರದ ಆಸ್ತಿಯಲ್ಲ ಎಂದು ಸುಪ್ರೀಂ ಕೋರ್ಟು ಸಾರಿತು. ಕೊನೆಗೆ 1997ರಲ್ಲಿ ಕಾಯಿದೆಯನ್ನು ಜಾರಿಗೆ ತಂದವರು, ಎಚ್.ಡಿ. ದೇವೇಗೌಡರ ಅನಂತರ ಪ್ರಧಾನಿಯಾದ ಐ.ಕೆ. ಗುಜ್ರಾಲ್ - 1975ರಲ್ಲಿ ವಾರ್ತಾ ಮಂತ್ರಿಯ ಕುರ್ಚಿಯಿಂದ ಇಳಿಸಲ್ಪಟ್ಟಿದ್ದವರೇ.

ಕಾಯಿದೆಯಲ್ಲಿ ಸ್ವಾಯತ್ತತೆ ಇದೆ, ಆದರೆ ಹಣವಿಲ್ಲ. ಒಂದು ಕಾಲದಲ್ಲಿ ಮನೆಮನೆಯಲ್ಲೂ ರೇಡಿಯೋ ಲೈಸೆನ್ಸಿನ ಪುಸ್ತಕವಿರುತ್ತಿತ್ತು. ಯಜಮಾನರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಬರುತ್ತಿದ್ದರು. 1980ರ ದಶಕದ ನಡುವೆ ಆ ಶುಲ್ಕ ರದ್ದಾಯಿತು. ಬ್ರಿಟನ್ನಿನ ಬಿ.ಬಿ.ಸಿ.ಗೆ ಅಂಥ ಶುಲ್ಕವೇ ಮುಖ್ಯ ಆಧಾರ. ಪ್ರಸಾರ ಭಾರತಿಯಾದರೋ ಸಂಬಳ ಸಾರಿಗೆಗಳಿಗೆ ಬಹುಮಟ್ಟಿಗೆ ಕೇಂದ್ರದ ಅನುದಾನವನ್ನೇ ನೆಚ್ಚಿದೆ. 2007ರ ಅಕ್ಟೋಬರ್ 5ಕ್ಕೆ ಮೊದಲು ಸೇರಿದ ನೌಕರರು ಸರ್ಕಾರದ ಸೇವೆಯಿಂದ ಎರವಲು ಬಂದವರೆಂದೇ ಗಣನೆ. ಉಂಡ ಮನೆಯ ಜಂತೆ ಎಣಿಸಬಾರದೆಂದು ನಂಬಿರುವ ನಾಡಿನಲ್ಲಿ, ಅನ್ನವಿಕ್ಕುವವರ ತಪ್ಪನ್ನು ಎಣಿಸುವುದೇ ಕಸುಬಾಗಿರುವವನ ಪಾಡು ಸುಲಭದ್ದಲ್ಲ.

ಆದುದರಿಂದಲೇ ದೂರು ನಿಂತಿಲ್ಲ. ದೂರುವವರು ಮಾತ್ರ ಬದಲಾಗಿದ್ದಾರೆ. 2014ರ ಏಪ್ರಿಲಿನಲ್ಲಿ, ಕಾಂಗ್ರೆಸ್ ನೇತೃತ್ವದ ಸರ್ಕಾರವಿದ್ದಾಗ, ನರೇಂದ್ರ ಮೋದಿಯವರೊಡನೆ ದೂರದರ್ಶನ ನಡೆಸಿದ ಸಂದರ್ಶನದ ಕೆಲವು ಭಾಗಗಳಿಗೆ ಕತ್ತರಿ ಬಿದ್ದಿತೆಂದು ಗದ್ದಲವಾಯಿತು. ಪ್ರಸಾರ ಭಾರತಿಯ ಅಂದಿನ ಮುಖ್ಯ ಕಾರ್ಯನಿರ್ವಾಹಕ ಜವಾಹರ್ ಸರ್ಕಾರ್ ಅವರೇ ಸಂಸ್ಥೆಗೆ ನಿಜವಾದ ಸ್ವಾಯತ್ತತೆ ದೊರೆತಿಲ್ಲವೆಂದು ಪತ್ರ ಬರೆದರು. ಅದೇ ವರ್ಷದ ಅಕ್ಟೋಬರ್ 3ರಂದು, ಮೋದಿಯವರ ಸರ್ಕಾರವಿದ್ದಾಗ, ರಾಷ್ಟ್ರೀಯ ಸ್ವಯಂಸೇವಕ ಸಂಘದ ಮುಖ್ಯಸ್ಥರ ವಿಜಯದಶಮಿ ಭಾಷಣವನ್ನು ದೂರದರ್ಶನ ನೇರವಾಗಿ ಪ್ರಸಾರ ಮಾಡಿತು. ಈ ಸಲ ಆಕ್ಷೇಪಿಸುವ ಸರದಿ ಕಾಂಗ್ರೆಸ್ಸಿನದಾಯಿತು. 2024ರ ಏಪ್ರಿಲಿನಲ್ಲಿ ಡಿ.ಡಿ. ನ್ಯೂಸ್‌ನ ಕೆಂಪು ಲಾಂಛನ ಕೇಸರಿಯಾಯಿತೆಂದು ವಿರೋಧ ಪಕ್ಷಗಳು ಸಿಡಿಮಿಡಿಗೊಂಡವು. ಅದು ಕಿತ್ತಳೆ ಬಣ್ಣವೆಂದು ಸಂಸ್ಥೆ ಸಮಜಾಯಿಷಿ ನೀಡಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!

ಹಾಗೆಂದು ಎಲ್ಲವೂ ಕತ್ತಲೆಯಲ್ಲ. 1998ರಿಂದ ಚುನಾವಣಾ ಆಯೋಗದ ನಿಯಮದಂತೆ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಉಚಿತ ಸಮಯ ದೊರೆಯುತ್ತಿದೆ. ಮೂಲ ಕಾಲಾವಕಾಶ ಸಮನಾದದ್ದು, ಹೆಚ್ಚಿನದು ಹಿಂದಿನ ಚುನಾವಣೆಯಲ್ಲಿ ಪಡೆದ ಮತಗಳಿಗೆ ತಕ್ಕಂತೆ. ಯಾರು ಯಾವ ಹೊತ್ತಿಗೆ ಮಾತನಾಡಬೇಕೆಂಬುದು ಚೀಟಿ ಎತ್ತಿ ನಿರ್ಧಾರ. ಮಂತ್ರಿಯ ಮನಸ್ಸಿಗಿಂತ ನಿಯಮ ಮೇಲಾದಲ್ಲಿ ಜಗಳ ಕಡಮೆಯಾಗುವುದಕ್ಕೆ ಇದು ನಿದರ್ಶನ. ಈ ಏರ್ಪಾಡು ಚುನಾವಣೆಯ ಕೆಲವೇ ದಿನಗಳದ್ದು. ಉಳಿದ ದಿನಗಳ ವಾರ್ತೆಗೆ ಅಂಥ ಕಾವಲಿಲ್ಲ.

ವೈಟ್‌ಫೀಲ್ಡಿನ ದಾರಿಯಲ್ಲಿ

ಕೈಯಲ್ಲಿ ಮೊಬೈಲು ಇರುವ ಈ ಕಾಲದಲ್ಲಿ ರೇಡಿಯೋದ ಚಿಂತೆ ಏಕೆಂದು ಕೇಳುವವರಿದ್ದಾರೆ. ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೊರಟು ಗಂಟೆಗಟ್ಟಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡವರಿಗೆ ರೇಡಿಯೋ ಇಂದಿಗೂ ಸಂಗಾತಿ. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ. ಆದರೆ ಹಾಡಿಗೆ ದೊರೆತ ಸ್ವಾತಂತ್ರ್ಯ ವಾರ್ತೆಗೆ ದೊರೆಯಲಿಲ್ಲ. 2011ರ ನೀತಿ ಖಾಸಗಿ ಕೇಂದ್ರಗಳಿಗೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಬಿತ್ತರಿಸಲು ಮಾತ್ರ ಅನುಮತಿ ನೀಡಿತು. ಗಂಟೆಗೆ ಹತ್ತು ನಿಮಿಷ ಸ್ವಂತ ವಾರ್ತೆಗೆ ಅವಕಾಶವಿರಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿದ್ದು 2023ರಲ್ಲಿ. ವಾರ್ತೆಯ ಮೂಲ ಒಂದೇ ಆಗಿರುವಲ್ಲಿ ಆ ಮೂಲದ ನೀರು ತಿಳಿಯಾಗಿರಬೇಕಾದ ಅಗತ್ಯ ಇನ್ನೂ ಹೆಚ್ಚು.

ಪಕ್ಷಪಾತವೆಂಬುದು ಸಾಮಾನ್ಯವಾಗಿ ಸುಳ್ಳಿನ ವೇಷದಲ್ಲಿ ಬರುವುದಿಲ್ಲ. ಯಾವ ಸುದ್ದಿ ಮೊದಲು, ಯಾವುದು ಕೊನೆಗೆ. ಮಂತ್ರಿಗೆ ಎಷ್ಟು ವಾಕ್ಯ, ವಿರೋಧಿಗೆ ಎಷ್ಟು. ಯಾವುದನ್ನು ಹೇಳಲೇ ಇಲ್ಲ - ಅದು ಅಡಗಿರುವುದು ಇಂಥಲ್ಲಿ. ಮನೆಮಂದಿ ಒಂದು ವಾರ ವಾರ್ತೆಯನ್ನು ಕೇಳಿ ಇಷ್ಟನ್ನು ಗುರುತುಹಾಕಿಕೊಂಡರೆ, ಯಾವ ಸಮಿತಿಯ ವರದಿಯೂ ಬೇಕಾಗದು. ಖಾಸಗಿ ವಾಹಿನಿಗಳಿಗೂ ಇದೇ ಒರೆಗಲ್ಲು ಸಲ್ಲುತ್ತದೆ. ಆದರೆ ಅವುಗಳ ಒಡೆಯರು ಯಾರೆಂದು ನೋಡುಗನಿಗೆ ಗೊತ್ತು. ಆಕಾಶವಾಣಿಗೂ ದೂರದರ್ಶನಕ್ಕೂ ಒಡೆಯನು ತೆರಿಗೆ ಕೊಡುವ ಪ್ರಜೆಯೇ.

ಜಾಲಹಳ್ಳಿಯ ಕಾರ್ಖಾನೆ ಪ್ರಸಾರ ಯಂತ್ರಗಳನ್ನು ಮಾತ್ರವಲ್ಲ, ಮುಂದೆ ಮತಯಂತ್ರಗಳನ್ನೂ ತಯಾರಿಸಿತು. ಪ್ರಜೆ ಮಾತು ಕೇಳಲೊಂದು ಯಂತ್ರ, ತನ್ನ ಮಾತು ಹೇಳಲೊಂದು ಯಂತ್ರ. ಎರಡನೆಯದರ ಕಾವಲಿಗೆ ಸ್ವತಂತ್ರ ಆಯೋಗವಿದೆ. ಮೊದಲನೆಯದೂ ಅಂಥ ಕಾವಲಿಗಾಗಿ ಕಾದಿದೆ.